ಮೆನು ತಿದ್ದುವಾಗ ಇಂಗ್ಲಿಷ್ ಹಾಳೆ ಕೊನೆಗೆ

ಸ್ಪೇನಿನಲ್ಲಿ ಅನುವಾದದ ಕೆಲಸ ಮಾಡಿಕೊಂಡಿದ್ದಾಗ ಸಣ್ಣಪುಟ್ಟ ರೆಸ್ಟೋರೆಂಟುಗಳ ಇಂಗ್ಲಿಷ್ ಮೆನು ತಿದ್ದಿಕೊಡುತ್ತಿದ್ದೆ. ಇಂಥ ಮೆನುಗಳ ಫೋಟೋ ತೆಗೆದು ನಗುವವರು ಬೇಕಾದಷ್ಟು ಜನ ಇದ್ದಾರೆ. ನಗು ಬರೋದು ಸಹಜ, ಅಲ್ವಾ? ಆದರೆ ತಿದ್ದಲು ಕೂತವರಿಗೆ ನಗು ತರಿಸುವ ತಪ್ಪೇ ಸುಲಭ. ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಒಳ್ಳೆ ಇಂಗ್ಲಿಷಿನ ವೇಷ ಹಾಕಿಕೊಂಡು ಕೂತ ತಪ್ಪೇ ಕಾಟ ಕೊಡುವುದು.

ಹಾಗಾಗಿ ಮೊದಲು ಸ್ಪ್ಯಾನಿಷ್ ಮೆನು ಕೇಳುತ್ತಿದ್ದೆ. ಇಂಗ್ಲಿಷ್ ಹಾಳೆ ಪಕ್ಕಕ್ಕೆ. 'ಪ್ರೆಟಿ ವಿತ್ ಟೊಮ್ಯಾಟೊ' ಅಂತಿದ್ದರೆ ಎಷ್ಟು ಹೊತ್ತು ದಿಟ್ಟಿಸಿದರೂ ಏನೂ ಹೊಳೆಯುವುದಿಲ್ಲ. ಮೂಲದಲ್ಲಿ ಇರುವುದು 'ಬೊನಿತೊ ಕೊನ್ ತೊಮಾತೆ'. ಬೊನಿತೊ ಅಂದರೆ ಚೆಂದ, ಟ್ಯೂನಾ ಜಾತಿಯ ಒಂದು ಮೀನೂ ಹೌದು. ನಿಘಂಟು ಮೊದಲ ಅರ್ಥ ಕೊಟ್ಟಿತು, ಮೀನು ಮಾಯ. 'ವಿನೊ' ಅಂದರೆ ವೈನ್, 'ಬಂದನು' ಅಂತಲೂ ಆಗುತ್ತದೆ. ಹೌಸ್ ವೈನ್ ಹೋಗಿ 'ಕೇಮ್ ಫ್ರಮ್ ದ ಹೌಸ್' ಆಗುವುದು ಹೀಗೆ.

ಬೋರ್ಡುಗಳ ಕಥೆಯೂ ಇದೇ. ಚೀನಾದ 'ಸ್ಲಿಪ್ ಕೇರ್‌ಫುಲಿ' ಬೋರ್ಡು ಜಗತ್ಪ್ರಸಿದ್ಧ. ಮೂಲದಲ್ಲಿ ನಾಲ್ಕೇ ಅಕ್ಷರ: ಷಿಯಾವೊ ಷಿನ್ ದಿ ಹುವಾ. ಎಚ್ಚರ, ನೆಲ ಜಾರುತ್ತದೆ ಎಂದರ್ಥ. ಮೂರನೇ ಅಕ್ಷರ ಇಲ್ಲಿ 'ನೆಲ'. ಅದೇ ಅಕ್ಷರ ಬೇರೆ ಕಡೆ 'ಎಚ್ಚರವಾಗಿ' ಅನ್ನುವಲ್ಲಿನ 'ಆಗಿ' ಇದೆಯಲ್ಲ, ಆ ಕೆಲಸ ಮಾಡುತ್ತದೆ. ಹಾಗೆ ಓದಿದರೆ ನೆಲ ಹೋಗಿ 'ಎಚ್ಚರವಾಗಿ ಜಾರಿ' ಉಳಿಯುತ್ತದೆ. ಇಂಗ್ಲಿಷ್ ವ್ಯಾಕರಣ ಎಷ್ಟು ಉಜ್ಜಿದರೂ ಇದು ಸರಿಹೋಗಲ್ಲ. ಸಾರ್ವಜನಿಕ ಸ್ಥಳಗಳ ಇಂಗ್ಲಿಷಿಗೆ ಚೀನಾ ಒಂದು ರಾಷ್ಟ್ರೀಯ ಮಾನದಂಡ ಮಾಡಿತು, 2017ರ ಡಿಸೆಂಬರ್ 1ರಿಂದ ಜಾರಿಗೆ ಬಂತು.

ಮೂಲ ಓದಿದ ಮೇಲೂ ಅಡುಗೆಯವರನ್ನು ಕೇಳಲೇಬೇಕು. 'ರೋಪಾ ವಿಯೆಹಾ'ವನ್ನು 'ಓಲ್ಡ್ ಕ್ಲೋತ್ಸ್' ಅಂದರೆ ಪದಶಃ ಸರಿಯೇ. ಆದರೆ ಹಳೇ ಬಟ್ಟೆಯನ್ನು ಯಾರು ಆರ್ಡರ್ ಮಾಡುತ್ತಾರೆ? ಹೆಸರು ಹಾಗೇ ಬಿಟ್ಟು, ಕೆಳಗೆ ಒಂದು ಸಾಲು ಸೇರಿಸುತ್ತಿದ್ದೆ: ಎಳೆ ಎಳೆಯಾಗಿ ಬಿಡಿಸಿದ ಮಾಂಸ, ಜೊತೆಗೆ ಏನೇನು. ಆ 'ಏನೇನು' ಒಂದೊಂದು ಅಡುಗೆಮನೆಯಲ್ಲಿ ಒಂದೊಂದು. ಕಡಲೆ ಹಾಕುವವರಿದ್ದಾರೆ, ಹಾಕದವರಿದ್ದಾರೆ. ನಿಘಂಟಿಗೆ ಅದೆಲ್ಲಿ ಗೊತ್ತು!

ಇನ್ನು ನಗು ತರಿಸದ ತಪ್ಪು. ಸಿಹಿತಿಂಡಿಗಳ ಪಟ್ಟಿಯಲ್ಲಿ 'ಫ್ರೂತೋಸ್ ಸೆಕೋಸ್' ಆಗಾಗ ಬರುತ್ತದೆ. ಪದಕ್ಕೆ ಪದ ಇಟ್ಟರೆ 'ಡ್ರೈ ಫ್ರೂಟ್ಸ್'. ಓದಲು ಹಾಯಾಗಿದೆ, ಸ್ಪೆಲಿಂಗ್ ತಪ್ಪಿಲ್ಲ. ಆದರೆ ಸ್ಪ್ಯಾನಿಷಿನಲ್ಲಿ ಅದು ಬಾದಾಮಿ, ಅಕ್ರೋಟ್, ಹೇಜಲ್‌ನಟ್ ಥರದವು. ಇಂಗ್ಲೆಂಡಿನವರು 'ಡ್ರೈಡ್ ಫ್ರೂಟ್' ಅಂದರೆ ಒಣದ್ರಾಕ್ಷಿ, ಅಂಜೂರ ಅಂದುಕೊಳ್ಳುತ್ತಾರೆ. ನಟ್ಸ್ ಅಲರ್ಜಿ ಇರುವವರು ಅದನ್ನು ನಂಬಿ ತಿಂದರೆ ಆಸ್ಪತ್ರೆಯೇ ಗತಿ. ಭಾರತದ ಇಂಗ್ಲಿಷಿನಲ್ಲಿ ಡ್ರೈ ಫ್ರೂಟ್ಸ್ ಜೊತೆ ಬಾದಾಮಿಯೂ ಬರುವುದರಿಂದ ನಮ್ಮ ಕಣ್ಣು ಇದನ್ನು ಸುಮ್ನೆ ದಾಟಿಬಿಡುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ರೆಸ್ಟೋರೆಂಟುಗಳೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು. ಬಾದಾಮಿ, ಅಕ್ರೋಟ್ ಅದರಲ್ಲಿವೆ. ಮೆನುವನ್ನು ಆ ಪಟ್ಟಿಯ ಜೊತೆ ಸಾಲು ಸಾಲಾಗಿ ಇಟ್ಟು ನೋಡುವುದಕ್ಕೇ ನನ್ನ ಸಮಯ ಜಾಸ್ತಿ ಹೋಗುತ್ತಿತ್ತು.

'ಎ', 'ದ' ಬಿಟ್ಟುಹೋಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊಟಕ್ಕೆ ಬಂದವರಿಗೆ ಅದು ಲೆಕ್ಕಕ್ಕೇ ಇಲ್ಲ. ಒತ್ತು ಕೊಡಲು ಹಾಕಿದ ಉದ್ಧರಣ ಚಿಹ್ನೆ ಮಾತ್ರ ತೆಗೆಸುತ್ತಿದ್ದೆ. "ಫ್ರೆಶ್" ಮೀನು ಅಂತ ಚಿಹ್ನೆಯೊಳಗೆ ಬರೆದರೆ ಇಂಗ್ಲಿಷ್ ಓದುಗರಿಗೆ ಅನುಮಾನವೇ ಬರುವುದು.

ಆಮೇಲೆ ಪ್ರಿಂಟಿಂಗ್. ಭಾಷೆ ಬಾರದವರ ಕೈಗೆ ಸರಿಯಾದ ಪಠ್ಯ ಹೋದರೂ ಅಪಾಯ ತಪ್ಪಿದ್ದಲ್ಲ. ವೇಲ್ಸಿನ ಸ್ವಾನ್ಸಿಯಲ್ಲಿ 2008ರಲ್ಲಿ ಒಂದು ರಸ್ತೆ ಫಲಕದ ವೆಲ್ಷ್ ಅನುವಾದಕ್ಕಾಗಿ ಇಮೇಲ್ ಕಳಿಸಿದ್ದರು. 'ನಾನೀಗ ಕಚೇರಿಯಲ್ಲಿಲ್ಲ' ಎಂಬ ಸ್ವಯಂಚಾಲಿತ ಉತ್ತರ ವೆಲ್ಷ್‌ನಲ್ಲಿ ಬಂತು. ಅದನ್ನೇ ಅನುವಾದ ಅಂದುಕೊಂಡು ಫಲಕದ ಮೇಲೆ ಬರೆಸಿದರು! ಹಾಗಾಗಿ ಅಚ್ಚಿಗೆ ಹೋಗುವ ಕಡತವನ್ನೇ ತರಿಸಿಕೊಂಡು, ಮೂಲದ ಪಕ್ಕದಲ್ಲಿಟ್ಟು, ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಿದ್ದೆ. ಕೆಳಗಿನಿಂದ ಓದಿದರೆ ಕಣ್ಣು ಓಡುವುದಿಲ್ಲ. ಮೀನಿನ ಹೆಸರಿನ ಕೆಳಗೆ ಕೇಕಿನ ವಿವರ ಕೂತಿದ್ದರೆ ಆಗ ಸಿಕ್ಕಿಬೀಳುತ್ತದೆ.