ಡಿಗ್ರಿ ಮುಗೀತು, ಕ್ಯಾಮೆರಾ ಬೀರು ಸೇರೋದು ಬೇಡ

ಕಾಲೇಜಿನ ಕೊನೆಯ ದಿನ ಐಡಿ ಕಾರ್ಡ್ ವಾಪಸ್ ಕೊಟ್ಟೆ. ಅದರ ಜೊತೆಗೇ ಸ್ಟುಡಿಯೋ ಲೈಟು, ಪ್ರಿಂಟರ್ ಎಲ್ಲ ಹೋಯಿತು. ಅದಕ್ಕೆ ಅಷ್ಟೇನೂ ಬೇಜಾರಾಗಲಿಲ್ಲ. ನಿಜವಾಗಿ ಕಳೆದುಕೊಂಡಿದ್ದು ಏನು ಅಂತ ಆಮೇಲೆ ಗೊತ್ತಾಯಿತು: ಫೋಟೋ ಗೋಡೆಗೆ ಅಂಟಿಸಿದರೆ ಎದುರು ನಿಂತು "ಇದ್ಯಾಕೆ ತೆಗೆದೆ?" ಅಂತ ಕೇಳುವವರು. ಕೇಳುವವರಿಲ್ಲ, ಕೊಡಬೇಕಾದ ತಾರೀಕೂ ಇಲ್ಲ ಅಂದ ಮೇಲೆ ಕೈ ತಾನಾಗಿ ನಿಂತುಬಿಡುತ್ತೆ. ನನ್ನ ಕ್ಯಾಮೆರಾ ಮುಂಬೈ ಪಕ್ಕದ ಡೊಂಬಿವಲಿಯ ಮನೆಯಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಪಕ್ಕ, ಎಂಟು ತಿಂಗಳು ಮಲಗಿತ್ತು.

ಅದಕ್ಕೇ ಹೇಳೋದು, ಮೊದಲು ಜನ ಹುಡುಕಿ, ಲೆನ್ಸ್ ಆಮೇಲೆ. ಮೂರು ಜನ ಸಾಕು. ನಾವು ತಿಂಗಳ ಎರಡನೇ ಭಾನುವಾರ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಸೇರುತ್ತೇವೆ. ಬೆಳಿಗ್ಗೆ ಹೋದರೆ ಹೊರಗೆ ಕ್ಯೂ ನಿಂತಿರುತ್ತೆ, ಇಡ್ಲಿ ಮುಗಿಯುವಷ್ಟರಲ್ಲಿ ಬಿಲ್ಲು ಬರುತ್ತೆ, ಹಾಗಾಗಿ ಮಧ್ಯಾಹ್ನ ಮೂರೂವರೆ. ಒಬ್ಬೊಬ್ಬರು ಹತ್ತು ಫೋಟೋ, 4x6 ಪ್ರಿಂಟ್ ಹಾಕಿಸಿಯೇ ತರಬೇಕು. ಫೋನಿನಲ್ಲಿ ತೋರಿಸುವಂತಿಲ್ಲ. ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ, ಅಲ್ವಾ? ಟೇಬಲ್ ಮೇಲೆ ಹತ್ತನ್ನೂ ಸಾಲಾಗಿ ಇಟ್ಟಾಗ ಯಾವ ನಾಲ್ಕು ಒಂದೇ ಫೋಟೋ ಅಂತ ಬಯಲಾಗುತ್ತೆ.

ಇನ್ನು ಏನು ತೆಗೆಯೋದು? ದಿನಾ ಹೋಗುವ ದಾರಿಯಲ್ಲಿರುವುದನ್ನೇ ಹಿಡಿಯಿರಿ. ಕೆಲಸಕ್ಕೆ ಸೇರಿದ ಮೇಲೆ ಸಸೂನ್ ಡಾಕಿನ ಮೀನು, ಧೋಬಿ ಘಾಟಿನ ಬಟ್ಟೆ ಅಂತ ಪ್ರತಿ ವಾರ ಓಡಾಡೋದು ಆಗಲ್ಲ, ಭಾನುವಾರ ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಬೇರೆ. ನಾನು ಮಾಟುಂಗಾದ ಹೂವಿನ ಅಂಗಡಿಗಳನ್ನು ಹಿಡಿದೆ. ವಾರಕ್ಕೆರಡು ದಿನ, ಆಫೀಸಿಗೆ ಹೋಗುವ ಮುಂಚೆ, ಬರೀ ಇಪ್ಪತ್ತು ನಿಮಿಷ. ಮೊದಲ ತಿಂಗಳು ಹೂವಿನ ರಾಶಿ, ಬಣ್ಣ, ಮುಖ ಅಂತ ಒಳ್ಳೊಳ್ಳೆ ಫೋಟೋ ತಂದು ಟೇಬಲ್ ಮೇಲೆ ಹರಡಿದೆ. ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಅಣ್ಣ ಎದ್ದು ಬಂದು ನೋಡಿದರು. "ಹೂ ಕಟ್ಟೋದು ಕೈ ಅಲ್ವಾ ಮಾರಾಯ? ಇದರಲ್ಲಿ ಕೈಯೇ ಇಲ್ಲ!"

ಮುಂದಿನ ತಿಂಗಳು ಪೂರ್ತಿ ಕೈ. ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೂವಿನ ಅಂಗಡಿಯ ಅಜ್ಜಿ ಕಟ್ಟುತ್ತಾರೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಶಟರ್ ತೆರೆದಿರುವ ಹೊತ್ತನ್ನು 1/250 ಸೆಕೆಂಡಿಗೆ ಇಟ್ಟರೆ ಬೆರಳು ಕಲ್ಲಿನ ಹಾಗೆ ನಿಂತವು. 1/15ಕ್ಕೆ ಇಳಿಸಿ, ಮೊಣಕೈಯನ್ನು ಮಂಡಿಗೆ ಒತ್ತಿಕೊಂಡು ತೆಗೆದೆ. ಕಾಲು, ದಾರ ಸ್ಪಷ್ಟ, ಬೆರಳು ಮಾತ್ರ ಹೊಗೆಯ ಹಾಗೆ. ಇಪ್ಪತ್ತರಲ್ಲಿ ಹದಿನೆಂಟು ಹಾಳು. ಉಳಿದ ಎರಡಕ್ಕೆ ಅಣ್ಣ ಮಾತಾಡಲಿಲ್ಲ, ಕಾಫಿ ಕಳಿಸಿದರು.

ಮಳೆಗಾಲದ ವಿಷಯ ಇಲ್ಲಿ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಬೀರು ಅಂದರೆ ಬೂಷ್ಟಿನ ಗೂಡು. ಆ ಎಂಟು ತಿಂಗಳಲ್ಲಿ ನನ್ನ 50 ಎಂಎಂ ಲೆನ್ಸಿನೊಳಗೆ ಜೇಡರ ಬಲೆ ಥರ ಫಂಗಸ್ ಹಬ್ಬಿತ್ತು. ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಬಿಡಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಶೇ. 40ರಿಂದ 50ರ ಒಳಗಿದ್ದರೆ ಸಾಕು. ಏಸಿ ಆಫೀಸಿನಿಂದ ಹೊರಗೆ ಬಂದ ತಕ್ಷಣ ತೆಗೆದರೆ ಲೆನ್ಸ್ ಮಂಜಾಗುತ್ತೆ, ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ. ಫೋರ್ಟ್‌ನ ಬೋರಾ ಬಜಾರ್ ಕಡೆ ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡಲು ಹೋದರೆ ಟಾರ್ಚ್ ಒಯ್ಯಿರಿ. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಿದರೆ ಫಂಗಸ್ ಕಾಣುತ್ತೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಫೈಲುಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ನನ್ನದು ಪುಣೆಯಲ್ಲಿ ಅಕ್ಕನ ಹತ್ತಿರ ಇದೆ.

ಮದುವೆ ಫೋಟೋ ತೆಗೆದು ಸಂಪಾದಿಸೋದರಲ್ಲಿ ತಪ್ಪೇನಿಲ್ಲ, ಲೆನ್ಸ್ ರಿಪೇರಿ ದುಡ್ಡು ಅಲ್ಲಿಂದಲೇ ಬಂತು. ಆದರೆ ಎರಡನೇ ಭಾನುವಾರ ಯಾರ ಮುಹೂರ್ತಕ್ಕೂ ಇಲ್ಲ ಅಂತ ಮೊದಲೇ ಹೇಳಿಬಿಡಿ.

ಪ್ರದರ್ಶನ ಅಂದ ತಕ್ಷಣ ಎಲ್ಲರಿಗೂ ಜಹಾಂಗೀರ್ ಆರ್ಟ್ ಗ್ಯಾಲರಿಯೇ ನೆನಪಾಗುತ್ತೆ. ಅಲ್ಲಿ ವರ್ಷಗಟ್ಟಲೆ ಕಾಯಬೇಕು. ಅಷ್ಟರೊಳಗೆ ಎನ್‌ಸಿಪಿಎ ಕಲಾಕೇಂದ್ರದ ಪಿರಾಮಲ್ ಗ್ಯಾಲರಿಗೆ ಹೋಗಿ ಬೇರೆಯವರ ಪ್ರಿಂಟ್ ಹತ್ತಿರದಿಂದ ನೋಡಿ, ಅದು ಫೋಟೋಗ್ರಫಿಗೇ ಇರುವ ಜಾಗ. ನಿಮ್ಮ ಏರಿಯಾದ ಕನ್ನಡ ಸಂಘದವರನ್ನೂ ಸುಮ್ನೆ ಕೇಳಿ ನೋಡಿ, ರಾಜ್ಯೋತ್ಸವದ ದಿನ ಹಾಲಿನ ಹೊರಗೆ ದಾರ ಕಟ್ಟಿ ಕ್ಲಿಪ್ಪಿನಲ್ಲಿ ಇಪ್ಪತ್ತು ಪ್ರಿಂಟ್ ನೇತುಹಾಕಲು ಬೇಡ ಅನ್ನಲಿಕ್ಕಿಲ್ಲ.

ಈ ತಿಂಗಳು ನನ್ನ ಹತ್ತರಲ್ಲಿ ಆರು ಮಾತ್ರ ಆಗಿವೆ. ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ರೈಲು ನಿಲ್ಲಲ್ಲ, ಶನಿವಾರ ಬೆಳಿಗ್ಗೆ ಬೇಗ ಎದ್ದು ಸ್ಲೋ ಹಿಡಿಯಬೇಕು.