ಮೆಚ್ಚಿನ ಕುರ್ತಾ ಹರಿಯುವ ಮುನ್ನ ಅದರ ನಕ್ಷೆ ತೆಗೆದಿಡಿ

ಹೆಗ್ಗೋಡಿನ ‘ಚರಕ’ ಎಂಬ ಮಹಿಳಾ ಸಹಕಾರ ಸಂಘದ ಕೈಮಗ್ಗದ ಕುರ್ತಾ ಒಂದು ನನ್ನ ಬಳಿ ಇದೆ. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಬಣ್ಣ; ಮೈಗೆ ಹೇಳಿ ಮಾಡಿಸಿದ ಹಾಗೆ. ಕೊರಳ ಪಟ್ಟಿ ಸವೆಯತೊಡಗಿದಾಗ, ಅದರ ಒಂದು ಹೊಲಿಗೆಯನ್ನೂ ಬಿಚ್ಚದೆ, ಅದರ ಭಾಗಗಳ ಆಕಾರವನ್ನು ಕಾಗದದ ಮೇಲೆ ನಕ್ಷೆಯಾಗಿ ತೆಗೆದು, ಅಂಥದೇ ಇನ್ನೊಂದನ್ನು ಹೊಲಿದುಕೊಂಡೆ. ಯಂತ್ರದಲ್ಲಿ ನೇರ ಹೊಲಿಗೆ ಹಾಕಲು ಬರುವವರು ಯಾರೂ ಇದನ್ನು ಮಾಡಬಹುದು.

ಮೂಲ ಉಡುಪು ಹತ್ತಿಯದಾದರೆ ಹೊಸ ಬಟ್ಟೆಯೂ ಅಷ್ಟೇ ದಪ್ಪದ ಹತ್ತಿಯದಿರಲಿ. ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಿ. ಹೊಲಿದ ಮೇಲೆ ಕುಗ್ಗಿದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮಲೆನಾಡಿನ ಜುಲೈ ಮಳೆಯಲ್ಲಿ ಒಣಗಿಸುವುದಕ್ಕೇ ಎರಡು ಮೂರು ದಿನ ಹಿಡಿಯುತ್ತದೆ, ಅವಸರ ಬೇಡ. ನಕ್ಷೆಗೆ ಹಳೆಯ ಪತ್ರಿಕೆ ಆಗುತ್ತದೆಯಾದರೂ ಮಳೆಗಾಲದಲ್ಲಿ ಅದು ತೇವ ಹೀರಿ ಮೆತ್ತಗಾಗುತ್ತದೆ, ಮಸಿಯೂ ಬಟ್ಟೆಗೆ ಹತ್ತುತ್ತದೆ. ಪುಸ್ತಕಕ್ಕೆ ಹೊದಿಸುವ ಖಾಕಿ ಕಾಗದ ವಾಸಿ.

ನೆಲಕ್ಕೆ ಕಂಬಳಿ ಹಾಸಿ, ಮೇಲೆ ಕಾಗದ ಹರಡಿ, ಒಂದು ನೇರ ಗೆರೆ ಎಳೆಯಿರಿ. ಇಸ್ತ್ರಿ ಮಾಡಿದ ಕುರ್ತಾವನ್ನು ಮುಂಭಾಗ ಹೊರಗೆ ಬರುವಂತೆ ಉದ್ದಕ್ಕೆ ಅರ್ಧ ಮಡಿಸಿ, ಎದೆಯ ಮಡಿಕೆಯನ್ನು ಆ ಗೆರೆಗೆ ಕೂಡಿಸಿ. ಈಗ ಹೊಲಿಗೆಯ ಮೇಲೆಯೇ ಅರ್ಧ ಇಂಚಿಗೊಂದರಂತೆ ಗುಂಡುಸೂಜಿ ಚುಚ್ಚುತ್ತಾ ಹೋಗಿ. ಸೂಜಿ ಕಾಗದ ತೂರಿ ಕಂಬಳಿಗೆ ಇಳಿಯಬೇಕು. ಬಟ್ಟೆ ತೆಗೆದರೆ ಕಾಗದದ ಮೇಲೆ ಸಾಲು ಸಾಲು ತೂತುಗಳು. ಅವನ್ನು ಪೆನ್ಸಿಲ್‌ನಿಂದ ಕೂಡಿಸಿ.

ಕಂಕುಳಿನ ತಿರುವಿನಲ್ಲಿ ಮಾತ್ರ ಕಾಲಿಂಚಿಗೊಂದು ಚುಚ್ಚಿ. ಬಟ್ಟೆಯನ್ನು ಅಲ್ಲಿ ಎಳೆಯಕೂಡದು, ಎಳೆದಷ್ಟೂ ಗೆರೆ ಸುಳ್ಳಾಗುತ್ತದೆ. ಹಿಂಭಾಗವನ್ನು ಬೇರೆಯಾಗಿಯೇ ತೆಗೆಯಿರಿ: ಮುಂಭಾಗದ ಕಂಕುಳು ಹೆಚ್ಚು ಒಳಸರಿದಿರುತ್ತದೆ, ಕುತ್ತಿಗೆಯೂ ಆಳ. ಮೊದಲ ಸಲ ನಾನು ಎರಡನ್ನೂ ಒಂದೇ ನಕ್ಷೆಯಲ್ಲಿ ಕತ್ತರಿಸಿದ್ದೆ; ತೋಳಿನ ಬುಡದಲ್ಲಿ ಎದೆಯ ಕಡೆ ಬಟ್ಟೆ ಮುದುಡಿಕೊಂಡು ನಿಂತಿತು. ತೋಳಿಗೂ ಹೀಗೆಯೇ, ಮುಂದಿನ ಅರ್ಧ, ಹಿಂದಿನ ಅರ್ಧ ಬೇರೆ ಬೇರೆ. ತೋಳಿನ ನೆತ್ತಿಯ ಗೆರೆಯನ್ನು, ಅಂದರೆ ಕಂಕುಳಿನ ಸುತ್ತಿಗೆ ಕೂಡುವ ಮೇಲಿನ ಬಾಗು ಗೆರೆಯನ್ನು, ಟೇಪಿನಿಂದ ಅಳೆಯಿರಿ. ಅದು ಕಂಕುಳಿನ ಸುತ್ತಳತೆಗಿಂತ ಚೂರು ಹೆಚ್ಚಿರಬೇಕು, ಕಡಿಮೆಯಂತೂ ಇರಬಾರದು.

ಗೆರೆಯಾಚೆ ಹೊಲಿಗೆಗೆ ಅರ್ಧ ಇಂಚು, ಪಕ್ಕಗಳಿಗೆ ಒಂದು ಇಂಚು, ಕೆಳ ಅಂಚಿಗೆ ಒಂದೂವರೆ ಇಂಚು ಬಿಡಿ. ಕುತ್ತಿಗೆಗೆ ಕಾಲಿಂಚು ಸಾಕು. ನಕ್ಷೆ ಅರ್ಧ ಭಾಗದ್ದಾದ್ದರಿಂದ ಬಟ್ಟೆಯನ್ನು ಉದ್ದಕ್ಕೆ ಮಡಿಸಿ, ನಡುಗೆರೆಯನ್ನು ಮಡಿಕೆಗೆ ಕೂಡಿಸಿ; ಆ ಗೆರೆ ಬಟ್ಟೆಯ ಅಂಚಿಗೆ, ಅಂದರೆ ಉದ್ದಕ್ಕೆ ಓಡುವ ಹಾಸಿನ ನೂಲಿಗೆ, ಸಮಾನಾಂತರವಾಗಿ ಬರಲಿ. ಓರೆಯಾದರೆ ನಾಲ್ಕು ಒಗೆತಕ್ಕೆ ಕುರ್ತಾ ಒಂದು ಕಡೆಗೆ ತಿರುಚಿಕೊಳ್ಳುತ್ತದೆ.

ಮೊದಲು ಹಳೆಯ ಪಂಚೆಯಲ್ಲಿ ಕತ್ತರಿಸಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ಕೈ ಮೇಲೆತ್ತಿ, ಬಗ್ಗಿ, ಕುಳಿತು ನೋಡಿ. ಬಿಗಿಯಾದ ಕಡೆ ನಕ್ಷೆಯನ್ನೇ ತಿದ್ದಿ.

ಹೊಸ ಬಟ್ಟೆಯಲ್ಲಿ ಮೊದಲು ಭುಜ, ಆಮೇಲೆ ಕುತ್ತಿಗೆ ಪಟ್ಟಿ, ತೋಳು. ನಂತರ ತೋಳಿನ ತುದಿಯಿಂದ ಕಂಕುಳು ದಾಟಿ ಪಕ್ಕದ ಸೀಳಿನವರೆಗೆ ಒಂದೇ ಹೊಲಿಗೆ. ಕೆಳ ಅಂಚನ್ನು ಕೂಡಲೇ ಮಡಿಸಬೇಡಿ. ಒಂದು ರಾತ್ರಿ ನೇತುಹಾಕಿ, ಬಟ್ಟೆ ಇಳಿಯುವಷ್ಟು ಇಳಿದ ಮೇಲೆ ಬೆಳಿಗ್ಗೆ ಸಮ ಮಾಡಿ ಮಡಿಸಿ.