ಹಗ್ಗಕ್ಕೆ ಹೆಸರಿಟ್ಟೆ, ಹಾವು ಬಂತು

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ನಾನು ಅದರ ಜೊತೆಗೆ ನಾಲ್ಕು ವರ್ಷದಿಂದ ಒಂದು ಭಾಷೆಯನ್ನೂ ಸಾಕುತ್ತಿದ್ದೇನೆ. ಹೆಸರು ಸೊಮಿ, ಹುಟ್ಟಿದ್ದು ನನ್ನ ನೋಟ್‌ಬುಕ್ಕಿನಲ್ಲಿ. ವ್ಯಾಕರಣ ಎರಡು ವಾರಕ್ಕೆ ಮುಗಿಯಿತು. ಚೊಂಬು, ಪೊರಕೆ, ಹೊಸಿಲು ಅಂಥವಕ್ಕೆ ಹೆಸರಿಡುವ ಕೆಲಸ ಮಾತ್ರ ಇನ್ನೂ ನಡೆದಿದೆ.

ಲೆಕ್ಕವೇನೋ ಸುಲಭ. ಎಂಟು ವ್ಯಂಜನ, ಐದು ಸ್ವರ, ಒಟ್ಟು 40 ಅಕ್ಷರ. ಪದಕ್ಕೆ ಎರಡೇ ಅಕ್ಷರ ಅಂದರೂ 1,600 ಪದ ಸಿಗುತ್ತವೆ. ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೇ ರಾತ್ರಿ ಮುನ್ನೂರು ಪದ ಬರೆದೆ. ಬೆಳಿಗ್ಗೆ ಅಮ್ಮನಿಗೆ ಓದಿ ಹೇಳುತ್ತಾ ಹಗ್ಗಕ್ಕೆ ‘ಪಾಮು’ ಅಂದೆ.

“ಪಾಮು ಅಂದ್ರೆ ಹಾವಲ್ವೇನೋ!”

ಅಮ್ಮನ ತವರಿನ ಮಾತು ತೆಲುಗು. ಹಗ್ಗವನ್ನು ಹಾವೆಂದುಕೊಳ್ಳುವ ವೇದಾಂತದ ಪಾಠ ನಮ್ಮ ಅಡುಗೆಮನೆಯಲ್ಲೇ ಆಗಿಹೋಯಿತು. ಅವತ್ತಿನಿಂದ ಯಾವ ಹೊಸ ಪದವೂ ಅಮ್ಮನ ಕಿವಿ ದಾಟದೆ ನೋಟ್‌ಬುಕ್ ಸೇರುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಕಂಡಿತು. ಆ ಮುನ್ನೂರೂ ಇಂಗ್ಲಿಷಿನ ನೆರಳು. ನಮ್ಮಲ್ಲಿ ಹುಳಕ್ಕೆ ಹಾಕುವುದು ಸೊಪ್ಪು, ಊಟಕ್ಕೆ ಹಾಸುವುದು ಎಲೆ. ನನ್ನ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಪದ. ಹಾಗಂತ ಭತ್ತ, ಅಕ್ಕಿ, ಅನ್ನ ಅಂತ ಕನ್ನಡದ ಗೆರೆಗಳನ್ನೇ ಎಳೆದರೆ ಅದು ವೇಷ ಹಾಕಿದ ಕನ್ನಡವಾಗುತ್ತದೆ.

ಹೀಗೆ ಭಾಷೆ ಕಟ್ಟಿದ ಬೇರೆಯವರು ಏನು ಮಾಡಿದ್ದಾರೆ ನೋಡಿದೆ. 1887ರಲ್ಲಿ ಜಾಮೆನ್‌ಹಾಫ್ ಹೊರತಂದ ಎಸ್ಪೆರಾಂಟೊದಲ್ಲಿ ‘ಕುಯಿರಿ’ ಅಂದರೆ ಅಡುಗೆ ಮಾಡು. ಜಾಗ ಸೂಚಿಸುವ ಪ್ರತ್ಯಯ ಸೇರಿದರೆ ‘ಕುಯಿರೆಯೊ’, ಅಡುಗೆಮನೆ. ಚೆಂದದ ಉಪಾಯ. ನಾನೂ ಹಾಗೇ ಪ್ರತ್ಯಯ ಅಂಟಿಸುತ್ತಾ ಹೋದೆ, ಪದಗಳು ಸರ್ಕಾರಿ ಕಚೇರಿ ಬೋರ್ಡಿನಷ್ಟು ಉದ್ದವಾದವು. ಸೋಂಜಾ ಲ್ಯಾಂಗ್ 2001ರಲ್ಲಿ ರೂಪಿಸಿದ ಟೋಕಿ ಪೋನ ಇದಕ್ಕೆ ತದ್ವಿರುದ್ಧ: ಸುಮಾರು 120 ಪದ, ಉಪಕರಣ ಅನ್ನುವುದೆಲ್ಲ ‘ಇಲೊ’. ನನಗದು ಒಗ್ಗಲಿಲ್ಲ. ಕುಡುಗೋಲಿಗೂ, ಹುಳ ಗೂಡು ಕಟ್ಟಲು ಬಿಡುವ ಚಂದ್ರಂಕಿಗೂ ಒಂದೇ ಹೆಸರಿಟ್ಟರೆ ನಮ್ಮ ಮನೆಯಲ್ಲಿ ಕೆಲಸ ಸಾಗುವುದಿಲ್ಲ.

ಕೊನೆಗೆ ನಿಘಂಟು ಮುಚ್ಚಿಟ್ಟು ಹುಳದ ಮನೆಯಲ್ಲಿ ಕೂತೆ. ಕೈ ಯಾವುದನ್ನು ಬೇರೆ ಮಾಡುತ್ತದೋ ಅದಕ್ಕೆ ಮಾತ್ರ ಹೆಸರು. ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಅಲುಗಾಡದೆ ಇರುತ್ತದೆ. ನಾವು ಅದಕ್ಕೆ ‘ಜ್ವರಕ್ಕೆ ಕೂತಿದೆ’ ಅನ್ನುತ್ತೇವೆ. ಆ ಹೊತ್ತಿನಲ್ಲಿ ಅಮ್ಮ ಸೊಪ್ಪು ಹಾಕುವುದಿಲ್ಲ, ತಟ್ಟೆ ಮುಟ್ಟುವುದಿಲ್ಲ, ಜೋರಾಗಿ ಮಾತೂ ಆಡುವುದಿಲ್ಲ. ಕಾಯಿಲೆಯಲ್ಲ, ನಿದ್ದೆಯಲ್ಲ, ಉಪವಾಸವೂ ಅಲ್ಲ. ಅದಕ್ಕೆ ‘ನೂಮೆ’ ಅಂತ ಹೆಸರಿಟ್ಟೆ.

ಹೋದ ತಿಂಗಳು ಅಣ್ಣನ ಮಗಳು ಮುದ್ದೆ ಮುಂದಿಟ್ಟುಕೊಂಡು ಮುಖ ಊದಿಸಿಕೊಂಡು ಕೂತಿದ್ದಳು. ಎಬ್ಬಿಸೋಣ ಅಂತ ಹೊರಟೆ. ಅಮ್ಮ ಒಲೆಯ ಮುಂದಿನಿಂದಲೇ ಅಂದರು, “ಬಿಡೋ, ನೂಮೆಗೆ ಕೂತವ್ಳೆ.”

ಈ ಅರ್ಥ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಈಗ ಬರೆದುಕೊಂಡಿದ್ದೇನೆ.